ಟೆರ್ರಿಯವರ ಗಂಟಲು ರಿಪೇರಿ

ಯಾರಾದರೂ ನನ್ನೆದುರು ಒಮ್ಮೆ ಕೆಮ್ಮಿದರೆ ಸಾಕು, ನನ್ನ ಕೈ ತಾನಾಗಿಯೇ ಕಾಳುಮೆಣಸಿನ ಡಬ್ಬಿಯ ಕಡೆಗೆ ಹೋಗುತ್ತದೆ. ಮಾತಾಡಲು ನಾಚಿಕೊಳ್ಳುವವರಿಗೆಲ್ಲ ಇಂಥದೊಂದು ಚಟ ಇರುತ್ತದೆಂದು ನನ್ನ ಅನುಮಾನ. “ಹೇಗಿದ್ದೀರಿ, ಸೌಖ್ಯವೇ” ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಕೇಳುವ ಧೈರ್ಯ ನನಗಿಲ್ಲ. ಅದರ ಬದಲು ಒಂದು ಲೋಟ ಕಷಾಯ ಮಾಡಿ ಎದುರಿಗಿಟ್ಟು ಒಳಗೆ ಹೋಗಿಬಿಡುತ್ತೇನೆ. ಆಮೇಲೆ ಕುಡಿದರೋ ಇಲ್ಲವೋ ಎಂದು ಬಾಗಿಲ ಮರೆಯಿಂದ ನೋಡುತ್ತೇನೆ. ನಿಮ್ಮ ಅಜ್ಜ ಬದುಕಿದ್ದಾಗ ಕೆಮ್ಮು ಬಂದರೆ ಅಂಗಳ ದಾಟಿ, ರಸ್ತೆಗೆ ಹೋಗಿ, ಕೆಮ್ಮಿ ಮುಗಿಸಿ ಬರುತ್ತಿದ್ದರು. ಅನಘಾ, ಇಂಚರಾ, ನೀವಿಬ್ಬರೂ ಕೆಮ್ಮುವಾಗ ಟೀವಿಯ ಸದ್ದು ಜೋರು ಮಾಡುವುದು ನನಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ.

ಈ ಚಟದಿಂದ ಒಮ್ಮೆ ಇಂಗ್ಲೆಂಡಿನ ಒಂದು ಸಂಗೀತ ತಂಡವೇ ಮುಳುಗಿಹೋಗುವುದರಲ್ಲಿತ್ತು. ಕಥೆಯ ತುಂಡುಗಳು ನಿಮಗೆ ಗೊತ್ತಿವೆ. ಇಂಚರಾ ಆಗ ತೀರಾ ಚಿಕ್ಕವಳು. ಅನಘಾ ದೊಡ್ಡವಳು, ಎಲ್ಲವನ್ನೂ ಕಣ್ಣಾರೆ ಕಂಡವಳು. ಆದರೆ ಅವಳು ಈ ಕಥೆ ಹೇಳಹೊರಟರೆ ನಗುವುದೇ ಹೆಚ್ಚು, ಹೇಳುವುದು ಕಡಿಮೆ. ಅದಕ್ಕೇ ನಾನೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಕಾರ್ಕಳದ ಹತ್ತಿರದ ಹಳ್ಳಿಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವಷ್ಟು ಕನ್ನಡ ನೀವು ಕಲಿತರೆ ನನಗೆ ಅದೇ ದೊಡ್ಡ ಸಂತೋಷ.

ಕೆನಡಾಕ್ಕೆ ನೂರೈವತ್ತು ತುಂಬಿತೆಂದು ಮೆಡೋವೇಲಿನ ನಮ್ಮ ಬೀದಿಯಲ್ಲೆಲ್ಲ ಕೆಂಪೆಲೆಯ ಬಾವುಟ ಕಟ್ಟಿದ್ದ ವರ್ಷ ಅದು. ಬಾವುಟಗಳು ಬಿಸಿಲಿಗೆ ಮಾಸಿ, ಮರದ ಎಲೆಗಳು ನಿಜವಾಗಿಯೂ ಕೆಂಪಾಗತೊಡಗಿದ್ದವು. ಒಂದು ಸಂಜೆ ನಿಮ್ಮ ಅಪ್ಪ ಮಧು ಆಫೀಸಿನಿಂದ ಬಂದವರೇ ಶೂ ಬಿಚ್ಚದೆ ಅಡುಗೆಮನೆಗೆ ನುಗ್ಗಿದರು. ನನ್ನ ಅಳಿಯ ಮೈಸೂರಿನವರು, ಬಹಳ ನಿಧಾನಿ. ಅವರು ಹಾಗೆ ನುಗ್ಗಿದ್ದನ್ನು ನೋಡಿ ಆಫೀಸಿನಲ್ಲಿ ಏನೋ ಅನಾಹುತವಾಗಿದೆ ಎಂದೇ ನಾನು ತಿಳಿದೆ.

“ಶಶೀ, ಕೋಲ್‌ಹೌಂಡ್ ಬರ್ತಿದಾರೆ! ನಮ್ಮನೇಗೆ!”

“ಯಾರದು? ನಿಮ್ಮ ಟೀಮಿನವರಾ? ಶನಿವಾರ ಇಂಚರನ ಡ್ಯಾನ್ಸ್ ಕ್ಲಾಸ್ ಉಂಟು, ಮೊದಲೇ ಹೇಳ್ತೇನೆ,” ಎಂದಳು ನಿಮ್ಮ ಅಮ್ಮ.

“ಅಯ್ಯೋ, ಬ್ಯಾಂಡು ಕಣೇ! ಕೋಲ್‌ಹೌಂಡ್! ಇಂಗ್ಲೆಂಡ್ ಬ್ಯಾಂಡು! ಹಾಸ್ಟೆಲಲ್ಲಿ ನಾನು ಕೇಳ್ತಿದ್ನಲ್ಲ, ಸ್ಪೀಡ್ ಮೆಟಲ್!”

ಟೊರೊಂಟೊದಲ್ಲಿ ಅವರ ಕಾರ್ಯಕ್ರಮವಿತ್ತಂತೆ. ಕಾರ್ಯಕ್ರಮಕ್ಕೆ ಕರೆಸಿದವರು ಮಾಡಿದ್ದ ಉಳಿಯುವ ವ್ಯವಸ್ಥೆ ಕೊನೆಯ ಗಳಿಗೆಯಲ್ಲಿ ತಪ್ಪಿಹೋಯಿತಂತೆ. ಅಭಿಮಾನಿಗಳ ಗುಂಪಿನಲ್ಲಿ ಯಾರೋ ಇದನ್ನು ಬರೆದದ್ದೇ ತಡ, ನಿಮ್ಮ ಅಪ್ಪ ಮೀಟಿಂಗಿನ ನಡುವೆಯೇ “ನಮ್ಮ ಬೇಸ್‌ಮೆಂಟು ಖಾಲಿ ಇದೆ” ಎಂದು ಉತ್ತರ ಕಳಿಸಿಬಿಟ್ಟಿದ್ದರು. ಬೇಸ್‌ಮೆಂಟು ಖಾಲಿ ಇರಲಿಲ್ಲ. ಅಲ್ಲಿ ನಾನಿದ್ದೆ. ಒಂದು ಗಂಟೆಯೊಳಗೆ ನನ್ನ ಹಾಸಿಗೆ, ದೇವರ ಪಟ, ಸಂಡಿಗೆಯ ಡಬ್ಬಗಳೆಲ್ಲ ಅನಘಾಳ ಕೋಣೆ ಸೇರಿದವು.

ಅತಿಥಿಗಳು ಬರುವ ತನಕ ನಾನು ಚಪಾತಿ ಲಟ್ಟಿಸುವಾಗಲೆಲ್ಲ ನಿಮ್ಮ ಅಪ್ಪ ಪಕ್ಕದಲ್ಲಿ ನಿಂತು ಆ ತಂಡದ ಚರಿತ್ರೆ ಹೇಳಿದರು. ಶಶಿಗೆ ಕೇಳಲು ಪುರುಸೊತ್ತಿಲ್ಲ, ಅನಘಾ ಕಿವಿಗೆ ಏನಾದರೂ ಸಿಕ್ಕಿಸಿಕೊಂಡೇ ಇರುತ್ತಾಳೆ. ನಾನಾದರೆ ಲಟ್ಟಣಿಗೆ ಬಿಟ್ಟು ಏಳುವಂತಿಲ್ಲ. ಹೀಗಾಗಿ ಕಾರ್ಕಳ ತಾಲೂಕಿನ ಹೆಂಗಸರಲ್ಲಿ ಸ್ಪೀಡ್ ಮೆಟಲ್ ಬಗ್ಗೆ ಇಷ್ಟು ತಿಳಿದವಳು ನಾನೊಬ್ಬಳೇ ಇರಬೇಕು.

ಇಂಗ್ಲೆಂಡಿನ ಉತ್ತರದ ಕಡೆ ಕಲ್ಲಿದ್ದಲ ಗಣಿಯ ಒಂದು ಊರು. ಒಂದೇ ಬೀದಿಯ ನಾಲ್ವರು ಹುಡುಗರು. ಆ ಕಾಲದಲ್ಲಿ ಗಿಟಾರು ಹಿಡಿದವರೆಲ್ಲ ಒಂದು ಹದದ ವೇಗದಲ್ಲಿ ಬಾರಿಸುತ್ತಿದ್ದರೆ, ಈ ತಂಡದ ಡ್ರಮ್ಮಿನ ಹುಡುಗ ನೈಜಲನಿಗೆ ಮಾತ್ರ ಎಲ್ಲಿಲ್ಲದ ಅವಸರ. ಉಳಿದವರು ಅವನ ಹಿಂದೆ ಓಡಿ ಓಡಿ ಅಭ್ಯಾಸವಾಗಿ, ಕೊನೆಗೆ ಅದೇ ಒಂದು ಹೊಸ ಬಗೆಯ ಸಂಗೀತವಾಯಿತು. ಹಾಡುವವರು ಟೆರ್ರಿ. ಆ ಗದ್ದಲದ ಮೇಲೆ ಕೇಳಿಸಬೇಕಲ್ಲ, ಅದಕ್ಕೆ ಕಿರುಚಿ ಕಿರುಚಿ ಅವರ ಗಂಟಲು ಗರಗಸವಾಯಿತು. ಆ ಗರಗಸಕ್ಕೇ ಜನ ಮುಗಿಬಿದ್ದರು. ಯಾವುದೋ ಶೆಡ್ಡಿನಲ್ಲಿ ಅವಸರದಲ್ಲಿ ಮುಗಿಸಿದ ಮೊದಲ ರೆಕಾರ್ಡಿಗೆ ಬಹಳ ಹೆಸರು ಬಂತು. ಎರಡನೆಯದು ಅದಕ್ಕಿಂತಲೂ ವೇಗ. ಆಮೇಲೆ ಒಂದು ದೊಡ್ಡ ಕಂಪನಿ ಇವರನ್ನು ಕರೆಸಿ, ಮಿರಿಮಿರಿ ಮಿಂಚುವ ಬಟ್ಟೆ ಹಾಕಿಸಿ, “ಸ್ವಲ್ಪ ನಿಧಾನ ಮಾಡಿ, ಟೆರ್ರಿ, ಸ್ವಲ್ಪ ಇಂಪಾಗಿ ಹಾಡು” ಎಂದಿತಂತೆ. ಟೆರ್ರಿ ಇಂಪಾಗಿ ಹಾಡಿದರು. ಅಲ್ಲಿಗೆ ಎಲ್ಲ ಮುಗಿಯಿತು. ಅಭಿಮಾನಿಗಳು ಮೂರನೆಯ ರೆಕಾರ್ಡನ್ನು ಅಂಗಡಿಗೆ ವಾಪಸು ಕೊಟ್ಟರು. ನೈಜಲ್ ಸಿಟ್ಟುಮಾಡಿಕೊಂಡು ಪ್ಲಂಬರ್ ಆದರು. ಗಣಿಯೂ ಮುಚ್ಚಿತು, ತಂಡವೂ ಮುಚ್ಚಿತು. ಇವರ ಮೊದಲ ರೆಕಾರ್ಡು ಕೇಳಿ ಕಲಿತ ಅಮೆರಿಕದ ಹುಡುಗರು ದೊಡ್ಡ ದೊಡ್ಡ ಮೈದಾನಗಳಲ್ಲಿ ಬಾರಿಸುತ್ತಿರುವಾಗ ಟೆರ್ರಿ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದರು.

“ಅಷ್ಟಾದ್ಮೇಲೆ ಇಂಟರ್ನೆಟ್ ಬಂತು ನೋಡಿ ಅತ್ತೆ,” ಎನ್ನುವಾಗ ನಿಮ್ಮ ಅಪ್ಪನ ಕಣ್ಣು ಹೊಳೆಯುತ್ತಿತ್ತು. ಯಾರೋ ಹಳೆಯ ಹಾಡುಗಳನ್ನು ಅದರಲ್ಲಿ ಹಾಕಿದರಂತೆ. ಬ್ರೆಜಿಲಿನ, ಜಪಾನಿನ ಮಕ್ಕಳೆಲ್ಲ ಕೇಳಿದರಂತೆ. ನಾಲ್ವರೂ ಮತ್ತೆ ಸೇರಿ ಸಣ್ಣ ಸಣ್ಣ ಹಾಲ್‌ಗಳಲ್ಲಿ ಬಾರಿಸುತ್ತ ಇಲ್ಲಿಗೆ ಬಂದು ಮುಟ್ಟಿದ್ದರು. ಈ ಶನಿವಾರ ಜರ್ಮನಿಯ ಒಂದು ಕಂಪನಿಯ ಮನುಷ್ಯ ಕೇಳಲು ಬರುತ್ತಾನೆ. ಹಿಡಿಸಿದರೆ ಹಳೆಯ ನಾಲ್ವರೂ ಸೇರಿ ಇನ್ನೊಂದು ರೆಕಾರ್ಡು. ಹಿಡಿಸದಿದ್ದರೆ ಇಲ್ಲಿಂದಲೇ ಮನೆಗೆ. “ಈ ವಯಸ್ಸಲ್ಲಿ ಇನ್ನೊಂದು ಚಾನ್ಸು ಯಾರು ಕೊಡ್ತಾರೆ ಅತ್ತೆ, ಇದೇ ಲಾಸ್ಟು,” ಎಂದರು.

ಅಷ್ಟು ಕೇಳಿದ ಮೇಲೆ ನಾನು ಕೊಂಬು, ಕೋರೆಹಲ್ಲು ಇರುವವರನ್ನು ನಿರೀಕ್ಷಿಸಿದ್ದೆ. ಮಂಗಳವಾರ ವ್ಯಾನಿನಿಂದ ಇಳಿದವರು ನಾಲ್ವರು ಮುದುಕರು. ಎಲ್ಲರೂ ಬಾಗಿಲಲ್ಲೇ ಶೂ ಬಿಚ್ಚಿ, ಸಾಲಾಗಿ ಜೋಡಿಸಿ, ನನಗೆ ತಲೆಬಾಗಿ ವಂದಿಸಿದರು. ಗಿಟಾರಿನ ಇಬ್ಬರಲ್ಲಿ ಒಬ್ಬರಿಗೆ ಮೊಣಕಾಲಿಗೆ ಪಟ್ಟಿ, ಇನ್ನೊಬ್ಬರಿಗೆ ಊಟಕ್ಕೆ ಮೊದಲು ಮಾತ್ರೆ. ನೈಜಲ್ ಚೀಲ ಇಡುವ ಮೊದಲೇ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕಂಡು, ಸಿಂಕಿನ ಕೆಳಗೆ ಮಲಗಿ ಸರಿಮಾಡಿದರು. ಕೊನೆಗೆ ಟೆರ್ರಿ ಮುಂದೆ ಬಂದರು. ಎತ್ತರದ ಮನುಷ್ಯ, ಭುಜದ ಮೇಲೆ ಬಿಳಿ ಕೂದಲು. ನನ್ನನ್ನು ನೋಡಿ ನಕ್ಕು ಏನೋ ಹೇಳಿದರು.

ಏನು ಹೇಳಿದರೋ, ನನಗೆ ಕೇಳಿಸಿದ್ದು ಆ ಧ್ವನಿಯೊಂದೇ. ಒಣಗಿದ ತೆಂಗಿನ ಗರಿಯನ್ನು ಸಿಮೆಂಟಿನ ಮೇಲೆ ಎಳೆದಂತಿತ್ತು. ಪಾಪ, ಶನಿವಾರ ಹಾಡಬೇಕಾದವರು, ಇಷ್ಟು ದೂರ ಬಂದು ಗಂಟಲು ಹೀಗಾಗಿದೆ! ಅಳಿಯ ಹೇಳಿದ ಗರಗಸದ ವಿಷಯ ನನಗೆ ಮರೆತಿರಲಿಲ್ಲ. ಆದರೆ ಅದು ಹಾಡುವಾಗಿನ ಮಾತು ಎಂದುಕೊಂಡಿದ್ದೆ. ಯಾರಾದರೂ ನೀರು ಕೇಳುವುದಕ್ಕೂ ಗರಗಸ ಬಳಸುತ್ತಾರೆಯೇ?

ಅವರು ಕುರ್ಚಿಯಲ್ಲಿ ಕೂತು ಮುಗಿಯುವಷ್ಟರಲ್ಲಿ ಕಷಾಯ ಎದುರಿಗಿತ್ತು. ಕಾಳುಮೆಣಸು, ಜೀರಿಗೆ, ಶುಂಠಿ, ಜ್ಯೇಷ್ಠಮಧು, ಒಂದು ತುಂಡು ಬೆಲ್ಲ. ಟೆರ್ರಿ ಮೂಸಿ ನೋಡಿದರು. ಬಾಗಿಲ ಮರೆಯಲ್ಲಿ ನನ್ನ ಸೀರೆಯ ಅಂಚು ಕಂಡಿರಬೇಕು, ಒಂದೇ ಗುಟುಕಿಗೆ ಕುಡಿದು ಲೋಟ ಎತ್ತಿ ತೋರಿಸಿದರು. ಖಾಲಿ ಲೋಟ ಕಂಡರೆ ತುಂಬಿಸುವುದು ನಮ್ಮ ಕಡೆಯ ಕ್ರಮ. ಲೋಟ ತುಂಬಿದ್ದರೆ ಕುಡಿಯದಿರುವುದು ಮರ್ಯಾದೆಯಲ್ಲ ಎನ್ನುವುದು ಅವರ ಕಡೆಯ ಕ್ರಮವಿರಬೇಕು. ನಮ್ಮಿಬ್ಬರ ಮರ್ಯಾದೆಯೂ ಸೇರಿ ದಿನಕ್ಕೆ ಐದಾರು ಲೋಟ ಇಳಿಯತೊಡಗಿತು. ಎರಡನೆಯ ದಿನ ನಿಮ್ಮ ಅಜ್ಜನ ಮಂಕಿ ಕ್ಯಾಪು ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಗೆ ಎಲ್ಲರೂ ವಾಕಿಂಗ್ ಹೊರಟಿದ್ದರು. ಅಲ್ಲಿಯ ಗಾಳಿ ಕಿವಿಯೊಳಗೆ ಹೊಕ್ಕರೆ ಸೀದಾ ಗಂಟಲಿಗೇ ಇಳಿಯುವುದು. ಬೆಳ್ಳಿಯ ತಲೆಬುರುಡೆಯ ಉಂಗುರ ತೊಟ್ಟ ಕೈಯಿಂದ ಟೆರ್ರಿ ಆ ಟೊಪ್ಪಿಯನ್ನು ಗದ್ದದವರೆಗೂ ಎಳೆದುಕೊಂಡು ಹೋದರು. ಅಭಿಮಾನಿಯೊಬ್ಬ ಪಕ್ಕದಲ್ಲೇ ಹಾದುಹೋದರೂ ಗುರುತು ಹಿಡಿಯಲಿಲ್ಲವೆಂದು ನಿಮ್ಮ ಅಪ್ಪನಿಗೆ ಬೇಸರ.

ಇನ್ನು ಸಿಗರೇಟು. ಟೆರ್ರಿ ಸೇದಲೆಂದು ಹಿತ್ತಲಿಗೆ ಹೋದಾಗಲೆಲ್ಲ ನಾನು ಅಲ್ಲಿ ಬಿಸಿಲಿಗೆ ಕೂತು ಸೊಪ್ಪು ಬಿಡಿಸುತ್ತಿರುತ್ತಿದ್ದೆ. ನಾನೇನೂ ಹೇಳುತ್ತಿರಲಿಲ್ಲ. ಅವರು ಮಾತ್ರ ನನ್ನನ್ನು ಕಂಡೊಡನೆ ಸಿಗರೇಟು ಜೇಬಿಗೆ ಸೇರಿಸಿ, ಪಕ್ಕದಲ್ಲಿ ಕೂತು, ತಾವೂ ಸೊಪ್ಪು ಬಿಡಿಸುತ್ತಿದ್ದರು. ಚೆನ್ನಾಗಿ ಬಿಡಿಸುತ್ತಿದ್ದರು. ನಾವು ಒಂದಕ್ಷರ ಮಾತಾಡದೆ ಆ ವಾರ ಮನೆಗೆ ಬೇಕಾದ ಮೆಂತ್ಯ ಸೊಪ್ಪನ್ನೆಲ್ಲ ಮುಗಿಸಿದೆವು.

ಶುಕ್ರವಾರ ಮಧ್ಯಾಹ್ನ ಅವರು ಬೇಸ್‌ಮೆಂಟಿನಲ್ಲಿ ಅಭ್ಯಾಸಕ್ಕೆ ಇಳಿದರು. ಮೊದಲು ನೈಜಲ್. ನಮ್ಮೂರ ಅಕ್ಕಿ ಗಿರಣಿಯ ಬೆಲ್ಟು ಕಳಚಿಕೊಂಡು ಗೋಡೆಗೆ ಬಡಿದಂತೆ ಸದ್ದು. ಗಿಟಾರುಗಳು ಸೇರಿಕೊಂಡವು. ಅಡುಗೆಮನೆಯ ಶೆಲ್ಫಿನ ಲೋಟಗಳು ಸರಿದಾಡಿದವು. ಆಮೇಲೆ ಟೆರ್ರಿ ಹಾಡಿದರು.

ಎಷ್ಟು ಚೆನ್ನಾಗಿತ್ತು ಅಂತೀರಿ! ಶಂಖ ಊದಿದಂತೆ ಸ್ವಚ್ಛವಾದ ಧ್ವನಿ. ಶನಿವಾರದ ಭಜನೆಗೆ ಕೂರಿಸಬಹುದಿತ್ತು. ನಾನು ಸೌಟು ಹಿಡಿದುಕೊಂಡೇ ಕಣ್ಣುಮುಚ್ಚಿ ನಿಂತುಬಿಟ್ಟೆ. ನನ್ನ ಕೈಗುಣ ಎಂದು ಸ್ವಲ್ಪ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಡ್ರಮ್ಮು ನಿಂತಿತು. ಗಿಟಾರು ಒಂದೊಂದಾಗಿ ನಿಂತವು. ಶಾಲೆಯಿಂದ ಬೇಗ ಬಂದಿದ್ದ ಅನಘಾ ಮೆಟ್ಟಿಲ ಮೇಲಿಂದ ಕೇಳಿಸಿಕೊಂಡು ನನಗೆ ಹೇಳಿದಳು.

“ಟೆರ್ರಿ, ಏನಿದು?” ಎಂದಿದ್ದರು ನೈಜಲ್. “ಮೂರನೆಯ ರೆಕಾರ್ಡು ಮತ್ತೆ ಬಂತೇನೋ!”

ಟೆರ್ರಿ ಇನ್ನೊಮ್ಮೆ ಪ್ರಯತ್ನಿಸಿದರು. ಇನ್ನೂ ಇಂಪಾಗಿ ಬಂತು. ಸಂಜೆ ನಿಮ್ಮ ಅಪ್ಪ ಬಂದು ಕೇಳಿ, ಮೆಟ್ಟಿಲ ಮೇಲೆ ಕುಸಿದು ಕೂತರು. “ಜರ್ಮನಿಯಿಂದ ಬರ್ತಿದಾನೆ ಅವನು! ಆ ವಾಯ್ಸಿಗೋಸ್ಕರ ಬರ್ತಿದಾನೆ! ಇದ್ದಕ್ಕಿದ್ದ ಹಾಗೆ ಎಲ್ಲಿ ಹೋಯ್ತು ಅದು?”

ಆಗ ಇಂಚರಾ ಎಲ್ಲರ ಮುಂದೆ, “ಅಜ್ಜಿ ಫಿಕ್ಸ್ಡ್ ಇಟ್! ಶಿ ಗೇವ್ ಹಿಮ್ ಕಷಾಯ ಎವ್ರಿ ಡೇ!” ಎಂದು ನನ್ನನ್ನು ಮೆಚ್ಚಿಕೊಂಡಳು.

“ಕಷಾಯಾನಾ?” ನಿಮ್ಮ ಅಪ್ಪ ನನ್ನತ್ತ ತಿರುಗಿದರು. “ಅತ್ತೆ... ಅತ್ತೆ, ಅದು ಕಾಯಿಲೆ ಅಲ್ಲ. ಅದೇ ಅವರ ಕೆರಿಯರ್ರು!”

“ಅಮ್ಮ, ನಿಮಗೆ ಎಂತಕ್ಕೆ ಬೇಕಿತ್ತು ಇದೆಲ್ಲ?” ಎಂದಳು ಶಶಿ. “ಹಾಡುವವರ ಗಂಟಲಿಗೆ ಕೈ ಹಾಕುದಾ? ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ?”

ಸುಮ್ಮನೆ ಇರುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ ಎಂದು ಹೇಳೋಣವೆಂದುಕೊಂಡೆ. ಹೇಳಲಿಲ್ಲ. ಕೆಳಗಿನಿಂದ ಟೆರ್ರಿ ಹತ್ತಿ ಬಂದು, ಶಶಿಗೆ ಏನೋ ಹೇಳಿದರು. ಲೋಟ ಎತ್ತಿ ಕುಡಿದವನು ನಾನು, ಅವರನ್ನು ಬೈಯಬೇಡಿ, ಇಷ್ಟು ವರ್ಷದಲ್ಲಿ ಗಂಟಲು ನೋವಿಲ್ಲದೆ ಎದ್ದದ್ದು ಇದೇ ಮೊದಲು ಎಂದರಂತೆ. ಹೇಳುವಾಗ ನಗುತ್ತಿದ್ದರು. ಆದರೆ ಹಿತ್ತಲಿಗೆ ಹೋಗಿ ಕೂತವರ ಬೆನ್ನು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಬಸ್ಸಿನ ಡ್ರೈವರನ ಬೆನ್ನು ಅದು. ಸಿಗರೇಟು ಸೇದಿದರು, ಇನ್ನೊಂದು ಸೇದಿದರು. ಮಧ್ಯೆ ಮಧ್ಯೆ ಗಂಟಲು ಸರಿಮಾಡಿ ‘ಹಾ’ ಎಂದು ನೋಡಿಕೊಂಡರು. ಶಂಖ ಶಂಖವೇ.

ಕೆಡಿಸಿದವಳೇ ಸರಿಮಾಡಬೇಕಲ್ಲ. ಅಥವಾ ಸರಿಮಾಡಿದವಳೇ ಕೆಡಿಸಬೇಕಲ್ಲ. ಗಂಟಲು ಹಾಳುಮಾಡುವುದು ಹೇಗೆಂದು ಯೋಚಿಸುತ್ತ ಕೂತೆ. ಚಿಕ್ಕಂದಿನಲ್ಲಿ ಭಜನೆ ಹಾಡುತ್ತಿದ್ದ ನನ್ನ ಅತ್ತಿಗೆಗೆ ಮನೆಯಲ್ಲಿ ಯಾವುದನ್ನೆಲ್ಲ ತಿನ್ನಲು ಬಿಡುತ್ತಿರಲಿಲ್ಲವೋ ಅದನ್ನೆಲ್ಲ ಆ ಸಂಜೆ ಬಡಿಸಿದೆ. ಕರಿದ ಸಂಡಿಗೆ, ಮಿಡಿ ಮಾವಿನ ಉಪ್ಪಿನಕಾಯಿ, ಫ್ರಿಜ್ಜಿನ ಹುಳಿ ಮೊಸರು, ಐಸು ಹಾಕಿದ ನಿಂಬೆ ಪಾನಕ. ಟೆರ್ರಿ ಎಲ್ಲವನ್ನೂ ಬೇಡಿ ತಿಂದರು. ಶನಿವಾರ ಬೆಳಿಗ್ಗೆ ಅವರ ಧ್ವನಿ ಹಾಗೆಯೇ ಇತ್ತು. ಮಾತ್ರೆ ತಿನ್ನುವ ಗಿಟಾರಿನವರ ಹೊಟ್ಟೆ ಮಾತ್ರ ಕೆಟ್ಟಿತ್ತು.

ಅವರನ್ನು ಕಾರ್ಯಕ್ರಮಕ್ಕೆ ಕರೆದೊಯ್ಯಲು ಮಧ್ಯಾಹ್ನ ವ್ಯಾನು ಬರುವುದಿತ್ತು. ನಿಮ್ಮ ಅಪ್ಪ ಆಗಲೇ ಹಾಲ್‌ಗೆ ಹೋಗಿದ್ದರು. ಶಶಿ ಇಂಚರಾಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಸ್ಟ್ರೀಟ್ಸ್‌ವಿಲ್ಲಿಗೆ ಹೋಗಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕಬೇಕಿತ್ತು. ಈ ಮನೆಯಲ್ಲಿ ಒಗ್ಗರಣೆಗೆ ಒಂದು ಕಾನೂನು ಇರುವುದು ನಿಮಗೆ ಗೊತ್ತಲ್ಲ: ಎಕ್ಸಾಸ್ಟ್ ಫ್ಯಾನು ಹಾಕಬೇಕು, ಹಿಂದಿನ ಬಾಗಿಲು ತೆರೆಯಬೇಕು, ಮೆಣಸು ಒಂದೇ. ಎರಡು ಮೆಣಸಾದರೆ ಒಲೆ ಹೊತ್ತು ಗರಾಜಿಗೆ ಹೋಗಬೇಕು. ಇಲ್ಲಿಗೆ ಬಂದಂದಿನಿಂದ ನಾನು ಈ ಕಾನೂನನ್ನು ಮೀರಿದವಳಲ್ಲ. ಬಾಣಲೆ ಕಾಯುತ್ತಿದ್ದಾಗ ನನಗೆ ಹೊಳೆಯಿತು. ನಾನು ಹಿಂದಿನ ಬಾಗಿಲು ಹಾಕಿದೆ. ಕಿಟಕಿ ಹಾಕಿದೆ. ಫ್ಯಾನಿನ ಗುಂಡಿ ಆರಿಸಿದೆ. ಕೆಳಗೆ ಹೋಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಪರಪುರುಷರೊಬ್ಬರ ತೋಳು ಹಿಡಿದು, “ಕಮ್,” ಎಂದೆ.

ಟೆರ್ರಿ ಬಂದರು. ಅವರ ಹಿಂದೆ ಉಳಿದ ಮೂವರೂ ಬಂದರು. ಟೆರ್ರಿಯನ್ನು ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂರಿಸಿ, ಕಾದ ಎಣ್ಣೆಗೆ ಒಂದು ಹಿಡಿ ಗುಂಟೂರು ಮೆಣಸು ಮುರಿದು ಹಾಕಿದೆ.

ಮೊದಲು ಏನೂ ಆಗಲಿಲ್ಲ. ಟೆರ್ರಿ “ವಾಸನೆ ಚೆನ್ನಾಗಿದೆ” ಎನ್ನುವಂತೆ ಮೂಗರಳಿಸಿದರು. ಆಮೇಲೆ ಘಾಟು ಎದ್ದಿತು. ನೈಜಲ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತರು. ಮೊಣಕಾಲಿಗೆ ಪಟ್ಟಿ ಕಟ್ಟಿದವರು ಮೆಟ್ಟಿಲನ್ನು ಹುಡುಗರಂತೆ ಹಾರಿ ಓಡಿದರು. ಟೆರ್ರಿ ಕೆಮ್ಮಿದರು, ಕೆಮ್ಮಿದರು, ಕಣ್ಣೀರು ಸುರಿಸುತ್ತ ಕೆಮ್ಮಿದರು. ಅಷ್ಟರಲ್ಲಿ ಮಾಡಿನ ಸ್ಮೋಕ್ ಅಲಾರಂ ಬಾಯಿಬಿಟ್ಟಿತು. ಒಂದು ಕೂಗಿದೊಡನೆ ಮಹಡಿಯದೂ ಕೂಗಿತು, ಬೇಸ್‌ಮೆಂಟಿನದೂ ಕೂಗಿತು. ನಾನು ಬಾಗಿಲಿಗೆ ಓಡಿದೆ. ಬಾಗಿಲ ಚಿಲಕ ಕೈಗೆ ಸಿಗಲಿಲ್ಲ. “ಅನಘಾ! ಬಾಗಿಲು ತೆಗೆಯೇ! ಯಾರಾದ್ರೂ ಬಾಗಿಲು ತೆಗೀರೋ!” ಎಂದು ಕಿರುಚಿದೆ. ಅಲಾರಮ್ಮಿಗಿಂತ ಜೋರಾಗಿ ಕೇಳಬೇಕಿತ್ತಲ್ಲ, ಇನ್ನೂ ಕಿರುಚಿದೆ. ಪಕ್ಕದಲ್ಲಿ ಟೆರ್ರಿ ಎದ್ದುನಿಂತು, ಅಲಾರಮ್ಮಿನ ಕಡೆಗೆ ಮುಖವೆತ್ತಿ, ಕೆಮ್ಮಿನ ನಡುವೆಯೇ ಒಂದು ಕೂಗು ಹಾಕಿದರು.

ಅಬ್ಬಾ! ಗರಗಸ! ತುಕ್ಕುಹಿಡಿದ, ಹಲ್ಲುಮುರಿದ, ಮರವನ್ನಲ್ಲ ಕಲ್ಲನ್ನೇ ಕೊಯ್ಯುವ ಗರಗಸ!

ನೈಜಲ್ ಮುಖದಿಂದ ಕೈ ತೆಗೆದರು. ಕೆಂಪಗಿನ ಕಣ್ಣಿನಲ್ಲೇ ನಗುತ್ತ ಎರಡು ಸೌಟು ಎತ್ತಿಕೊಂಡು ನನ್ನ ಪಾತ್ರೆಗಳ ಮೇಲೆ ಬಾರಿಸತೊಡಗಿದರು. ಮೂರು ಅಲಾರಂ, ಒಂದು ಗರಗಸ, ಎರಡು ಸೌಟು. ಅನಘಾ ಮಹಡಿಯಿಂದ ಓಡಿಬಂದು ಬಾಗಿಲು ತೆರೆದಾಗ ಪಕ್ಕದ ಮನೆಯ ಪಂಜಾಬಿ ಹೆಂಗಸು ಬೇಲಿಯ ಮೇಲಿಂದ ಬಗ್ಗಿ, “ಆಂಟೀಜೀ, ಸಬ್ ಠೀಕ್ ಹೈ ನಾ?” ಎಂದು ಕೇಳುತ್ತಿದ್ದಳು. “ಠೀಕ್, ಠೀಕ್,” ಎಂದೆ. ಆಕೆ ಒಂದು ಸಲ ಮೂಸಿ, “ಅಚ್ಛಾ, ತಡ್ಕಾ!” ಎಂದು ಒಗ್ಗರಣೆಯ ಗುರುತು ಹಿಡಿದು ಸಮಾಧಾನದಿಂದ ಒಳಗೆ ಹೋದಳು.

ಸಂಜೆ ಕಾರ್ಯಕ್ರಮಕ್ಕೆ ನಾನೂ ಹೋದೆ, ಕಿವಿಗೆ ಹತ್ತಿ ತುರುಕಿಕೊಂಡು. ಹಿಂಬದಿಯಲ್ಲಿ ತಂಡದ ಹೆಸರಿನ ಅಂಗಿ ಮಾರುವ ಹುಡುಗಿ ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟಳು. ಸಣ್ಣ ಹಾಲು, ತುಂಬ ಜನ, ಮುಕ್ಕಾಲು ಪಾಲು ಬೋಳುತಲೆಗಳು. ಹಿಂದೊಮ್ಮೆ ಇದ್ದ ಕೂದಲನ್ನು ನೆನೆಸಿಕೊಂಡು ಆ ತಲೆಗಳನ್ನೇ ಬೀಸುತ್ತಿದ್ದರು. ನಿಮ್ಮ ಅಪ್ಪ ಅವರ ನಡುವೆ ಎಲ್ಲೋ ಮುಳುಗಿಹೋಗಿದ್ದರು. ಟೆರ್ರಿ ಬಾಯಿ ತೆರೆದ ಕ್ಷಣ ಇಡೀ ಹಾಲು ಒಂದೇ ಮನುಷ್ಯನಂತೆ ಎಗರಿತು. ನನಗೆ ಹಾಡು ಯಾವುದು, ಮುಗಿದದ್ದು ಯಾವುದು ತಿಳಿಯಲಿಲ್ಲ. ಗೋಡೆಯ ಬದಿಗೆ ಒಬ್ಬರೇ ನಿಂತಿದ್ದ ಜರ್ಮನಿಯವರನ್ನೇ ನೋಡುತ್ತ ಕೂತೆ. ಅವರು ಬಹಳ ಹೊತ್ತು ಕೈಕಟ್ಟಿಕೊಂಡಿದ್ದರು. ಆಮೇಲೆ ಅವರ ಒಂದು ಕಾಲು ನೆಲ ತಟ್ಟತೊಡಗಿತು. ಕೊನೆಗೆ ಅವರೂ ತಲೆ ಬೀಸಿದರು. ನಾನು ಉಸಿರು ಬಿಟ್ಟೆ. ಹೊಸ ರೆಕಾರ್ಡಿಗೆ ಒಪ್ಪಿಗೆಯಾಯಿತು ಎಂದು ಮನೆಗೆ ಬರುವಾಗ ಕಾರಿನಲ್ಲಿ ನಿಮ್ಮ ಅಪ್ಪ ಹೇಳಿದರು, ಹೇಳುತ್ತ ಅತ್ತರು.

ಮರುದಿನ ಅವರು ಹೊರಟಾಗ ನಾನು “ಹೋಗಿಬನ್ನಿ” ಎಂದೆ. ಎಂದೆನೆಂದು ನಾನು ತಿಳಿದುಕೊಂಡೆ, ಬಂದದ್ದು ತೆಂಗಿನ ಗರಿಯ ಸದ್ದು. ಕಿರುಚಿದ್ದಕ್ಕೋ, ಘಾಟಿಗೋ, ನನ್ನ ಗಂಟಲು ಪೂರ್ತಿ ಹೋಗಿತ್ತು. ಶಶಿಗೆ ಗೊತ್ತಾಗಿರಲಿಲ್ಲ, ಅಳಿಯನಿಗೂ ಗೊತ್ತಾಗಿರಲಿಲ್ಲ. ಬೆಳಗಿನಿಂದ ನಾನು ಮಾತಾಡಿರಲಿಲ್ಲ ಎನ್ನುವುದೂ ಯಾರಿಗೂ ಗೊತ್ತಾಗಿರಲಿಲ್ಲ, ಎಂದಿನಂತೆ. ಟೆರ್ರಿ ಮಾತ್ರ ಶೂ ಕಟ್ಟುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿದರು. ಅನಘಾಳ ಕಡೆ ತಿರುಗಿ ಏನೋ ಹೇಳಿದರು.

“ಅಜ್ಜಿ, ನಿಮ್ಮ ವಾಯ್ಸ್ ಈಗ ಪರ್ಫೆಕ್ಟ್ ಅಂತೆ,” ಎಂದಳು ಅನಘಾ. “ಡೋಂಟ್ ಲೆಟ್ ಎನಿವನ್ ಕ್ಯೂರ್ ಇಟ್ ಅಂತೆ.”

ಅಂದು ಸಂಜೆ ನಾನು ಅಡುಗೆಮನೆಯಲ್ಲಿ ನಿಂತು, “ಊಟಕ್ಕೆ ಬನ್ನಿ,” ಎಂದೆ. ಸಾಮಾನ್ಯವಾಗಿ ಕರೆದು ಕರೆದು ಸಾಕಾಗಿ, ಮೆಟ್ಟಿಲು ಹತ್ತಿ ಒಬ್ಬೊಬ್ಬರ ಕೋಣೆಯ ಬಾಗಿಲು ತಟ್ಟುವವಳು ನಾನು. ಅಂದು ಒಂದೇ ಕರೆಗೆ ಮಹಡಿಯಿಂದ ನೀವಿಬ್ಬರು, ಬೇಸ್‌ಮೆಂಟಿನಿಂದ ನಿಮ್ಮ ಅಪ್ಪ, ಫೋನು ಕೆಳಗಿಟ್ಟು ನಿಮ್ಮ ಅಮ್ಮ, ಎಲ್ಲರೂ ಓಡಿಬಂದು ಮೇಜಿನ ಸುತ್ತ ಕೂತಿರಿ. ಉಪ್ಪು ಕಡಿಮೆಯಿತ್ತು, ಯಾರೂ ಹೇಳಲಿಲ್ಲ. ಮರುದಿನವೂ ಹಾಗೆಯೇ ಆಯಿತು. ನಾನು ನನಗಾಗಿ ಕಷಾಯ ಮಾಡಿಕೊಳ್ಳಲಿಲ್ಲ, ಬಿಸಿನೀರನ್ನೂ ಕುಡಿಯಲಿಲ್ಲ. ಫ್ರಿಜ್ಜಿನ ಮೊಸರು ತಿಂದೆ, ಗಾಳಿಗೆ ತಲೆಯೊಡ್ಡಿ ಹಿತ್ತಲಲ್ಲಿ ಕೂತೆ. ಆದರೂ ವಾರ ಮುಗಿಯುವಷ್ಟರಲ್ಲಿ ಹಾಳು ಗಂಟಲು ತಾನಾಗಿಯೇ ವಾಸಿಯಾಯಿತು. “ಊಟಕ್ಕೆ ಬನ್ನಿ,” ಎಂದು ಕರೆದೆ. ಯಾರೂ ಬರಲಿಲ್ಲ.